ಆಟ ಆಡಿಸುವವರು

(ಒಂದು ಅಭ್ಯಾಸ ಲೇಖನ)

ಯಕ್ಷಗಾನದ ಬಗ್ಗೆ ಮಾತಾಡುವಾಗ ನಮ್ಮ ಜನ ಎರಡು ಬೇರೆ ಬೇರೆ ಮಾತು ಬಳಸುತ್ತಾರೆ. ಒಂದು 'ಆಟ ನೋಡುವುದು', ಇನ್ನೊಂದು 'ಆಟ ಆಡಿಸುವುದು'. ನೋಡುವವರು ಪ್ರೇಕ್ಷಕರು, ಅದು ಸರಿ. ಆಡಿಸುವವರು ಯಾರು? ಅವರು ವೇಷ ಕಟ್ಟುವುದಿಲ್ಲ, ಭಾಗವತಿಕೆ ಮಾಡುವುದಿಲ್ಲ, ಮೇಳದ ಯಜಮಾನರೂ ಅಲ್ಲ. ಆ ಒಂದು ರಾತ್ರಿಯ ಖರ್ಚು ಕೊಡುವವರು ಅವರು. ಸಿನೆಮಾದವರ ಭಾಷೆಯಲ್ಲಿ ಹೇಳುವುದಾದರೆ ಒಂದು ರಾತ್ರಿಯ ಪ್ರೊಡ್ಯೂಸರ್.

ಈ ಲೇಖನದ ಪ್ರಶ್ನೆ ಇಷ್ಟೆ. ತಾವು ಮೆಚ್ಚಿದ ಒಂದು ಆಟ, ನಾಟಕ ಅಥವಾ ಧಾರಾವಾಹಿ ನಿಲ್ಲದೆ ನಡೆಯಬೇಕು ಎಂದು ಅಭಿಮಾನಿಗಳಿಗೆ ಆಸೆ ಇದ್ದರೆ, ಅವರೇ ನೇರವಾಗಿ ದುಡ್ಡು ಹಾಕಿ ಅದನ್ನು ನಡೆಸಬಹುದೇ? 'ನೇರವಾಗಿ' ಎಂದರೆ ನಡುವೆ ಜಾಹೀರಾತಿನ ಕಂಪೆನಿ ಇಲ್ಲ, ಟಿ.ವಿ. ಚಾನೆಲ್ ಇಲ್ಲ, ವಿತರಕ ಇಲ್ಲ, ಸರಕಾರದ ಅನುದಾನವೂ ಇಲ್ಲ. ಕೊಡುವವನ ಕೈಯಿಂದ ಆಡುವವನ ಕೈಗೆ.

ಹಲವರು ಇದನ್ನು ಅಮೆರಿಕದಿಂದ ಬಂದ ಹೊಸ ವಿಚಾರ ಎಂದು ತಿಳಿದಿದ್ದಾರೆ. ಹೊಸತೇನೂ ಅಲ್ಲ. ನಮ್ಮ ಮನೆಗಳಲ್ಲೇ ಇದು ಹಳೆಯ ವಾಡಿಕೆ. ಆದರೆ ಯಾವಾಗ ಇದು ನಡೆಯುತ್ತದೆ, ಯಾವಾಗ ಮುರಿದು ಬೀಳುತ್ತದೆ ಎಂಬುದನ್ನು ನಾವು ಲೆಕ್ಕ ಹಾಕಿ ನೋಡಿದ್ದು ಕಡಿಮೆ. ಕಾಮರ್ಸ್ ಓದುವವರಿಗೆ ಲೆಕ್ಕ ಬಿಟ್ಟರೆ ಬೇರೆ ಕೆಲಸ ಏನಿದೆ? ಆದುದರಿಂದ ಈ ಪ್ರಯತ್ನ.

1. ಊರಿನ ಲೆಕ್ಕ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಒಂದು ಸಿನೆಮಾ ತೆಗೆಯುವುದಕ್ಕೆ ಹಾಕುವ ಹಣ ಬಂಡವಾಳ. ಒಮ್ಮೆ ಹಾಕಿದರೆ ಆಯಿತು. ಸಿನೆಮಾ ಮುಗಿದ ಮೇಲೆ ಅದು ಡಬ್ಬಿಯಲ್ಲಿ ಇರುತ್ತದೆ. ಮೇಳದ ಕತೆ ಹಾಗಲ್ಲ. ಇವತ್ತಿನ ಆಟ ಇವತ್ತಿಗೆ ಮುಗಿಯಿತು. ನಾಳೆ ಮತ್ತೆ ಲಾರಿ ಹೊರಡಬೇಕು, ಚೌಕಿ ಕಟ್ಟಬೇಕು, ಕಲಾವಿದರಿಗೆ ಊಟ ಸಂಬಳ ಆಗಬೇಕು. ನಮ್ಮ ಪುಸ್ತಕದ ಮಾತಿನಲ್ಲಿ ಇದು ದಿನವಹಿ ಖರ್ಚು. ನಡೆಯುತ್ತಿರುವ ಯಾವುದೇ ಕಾರ್ಯಕ್ರಮದ ಕಷ್ಟ ಇಲ್ಲೇ ಇದೆ. ಅದಕ್ಕೆ ಒಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ನಿಲ್ಲದೆ ಬರುವ ಸಣ್ಣ ಮೊತ್ತ ಹೆಚ್ಚು ಬೇಕು.

ಕರಾವಳಿಯ ಮೇಳಗಳು ಈ ಕಷ್ಟಕ್ಕೆ ಎರಡು ಉಪಾಯ ಕಂಡುಕೊಂಡವು. ಒಂದು ಡೇರೆ ಮೇಳ. ಗದ್ದೆಯಲ್ಲಿ ಡೇರೆ ಹಾಕಿ, ಕುರ್ಚಿಗೆ ಇಷ್ಟು ನೆಲಕ್ಕೆ ಇಷ್ಟು ಎಂದು ಟಿಕೇಟು ಮಾರಿ ಆಟ ಆಡುವುದು. ಜನ ಬಂದರೆ ಲಾಭ, ಮಳೆ ಬಂದರೆ ನಷ್ಟ. ನಷ್ಟ ಯಜಮಾನರ ತಲೆಗೆ. ಇನ್ನೊಂದು ಹರಕೆ ಮೇಳ. ಕಟೀಲು, ಮಂದಾರ್ತಿ ಮುಂತಾದ ದೇವಸ್ಥಾನಗಳ ಮೇಳಗಳು ಈ ಜಾತಿಯವು. ಮಗನಿಗೆ ಕೆಲಸ ಸಿಕ್ಕಿದರೆ, ಕಾಯಿಲೆ ವಾಸಿಯಾದರೆ, ಹೊಸ ಮನೆ ಕಟ್ಟಿದರೆ ಒಂದು ಆಟ ಆಡಿಸುತ್ತೇನೆ ಎಂದು ಹರಕೆ ಹೊತ್ತವರು ಮೇಳಕ್ಕೆ ಗೊತ್ತುಮಾಡಿದ ಮೊತ್ತ ಕೊಡುತ್ತಾರೆ. ಆಟ ಅವರ ಅಂಗಳದಲ್ಲೋ ಊರ ಬಯಲಿನಲ್ಲೋ ನಡೆಯುತ್ತದೆ. ನೋಡುವವರಿಗೆ ಪುಕ್ಕಟೆ. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ರಾತ್ರಿ ರಾತ್ರಿ ಹೀಗೇ ನಡೆಯುತ್ತದೆ.

ಯಾವ ಉಪಾಯ ಗೆದ್ದಿತು? ಡೇರೆ ಮೇಳಗಳ ಕಾಲ ಬಹುಮಟ್ಟಿಗೆ ಮುಗಿಯಿತು. ಹಲವು ಮೇಳಗಳು ನಿಂತೇಹೋದವು. ಧರ್ಮಸ್ಥಳದ ಮೇಳ ಕೂಡ ಒಂದು ಕಾಲಕ್ಕೆ ಡೇರೆಯಲ್ಲಿ ಆಡಿ, ಅನಂತರ ಸೇವೆಯಾಟಕ್ಕೆ ಬಂತು. ಹರಕೆ ಮೇಳಗಳಲ್ಲಿಯೋ ಸರದಿ ಎಷ್ಟು ಉದ್ದ ಅಂದರೆ ಕಟೀಲಿನಲ್ಲಿ ಆಟ ಬರೆಸಿದವರು ವರ್ಷಗಟ್ಟಲೆ ಕಾಯಬೇಕು. ಒಂದೇ ಮೇಳದಿಂದ ಶುರುವಾದದ್ದು ಸಾಲದೆ ಅಲ್ಲಿ ಮೇಳದ ಮೇಲೆ ಮೇಳ ಕಟ್ಟಬೇಕಾಯಿತು.

ಭಕ್ತಿ ಇದೆ, ಆದುದರಿಂದ ದುಡ್ಡು ಬರುತ್ತದೆ ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಭಕ್ತಿಯ ಜೊತೆಗೆ ಒಂದು ಜಾಣ ಲೆಕ್ಕವೂ ಇದೆ, ಅದನ್ನು ಗಮನಿಸಬೇಕು. ಆಡಿಸುವವನು ಇಡೀ ಮೇಳವನ್ನು ಕೊಂಡುಕೊಳ್ಳುವುದಿಲ್ಲ. ಒಂದು ರಾತ್ರಿಯನ್ನು ಮಾತ್ರ ಕೊಂಡುಕೊಳ್ಳುತ್ತಾನೆ. ಬೆಲೆ ಮೊದಲೇ ಗೊತ್ತು. ದುಡ್ಡು ಮೊದಲೇ ಬರುತ್ತದೆ. ಬೆಳಗಾಗುವಾಗ ಅವನಿಗೂ ಮೇಳಕ್ಕೂ ಲೆಕ್ಕ ಚುಕ್ತಾ. ಲಾಭದಲ್ಲಿ ಪಾಲು ಕೇಳುವ ಹಾಗಿಲ್ಲ, ನಷ್ಟದ ಹೆದರಿಕೆಯೂ ಇಲ್ಲ. ಹೀಗೆ ಒಂದೊಂದು ರಾತ್ರಿಗೆ ಒಬ್ಬೊಬ್ಬರಂತೆ ನೂರಾರು ಜನ ಸೇರಿ, ಒಬ್ಬರಿಗೊಬ್ಬರು ಗುರುತಿಲ್ಲದೆ, ಒಂದು ಇಡೀ ತಿರುಗಾಟವನ್ನು ನಡೆಸಿಬಿಡುತ್ತಾರೆ. ನಿಲ್ಲದೆ ನಡೆಯುವ ಕೆಲಸವನ್ನು ಮುಗಿಯುವ ತುಂಡುಗಳಾಗಿ ಕತ್ತರಿಸಿ ಮಾರಿದ್ದು, ಇದೇ ಹರಕೆ ಮೇಳದ ಗುಟ್ಟು ಎಂದು ನನ್ನ ಅಭಿಪ್ರಾಯ.

2. ಮುಂಬಯಿಯ ಮಳೆಗಾಲ

ಪತ್ತನಾಜೆಯ ಮೇಲೆ ಕಲಾವಿದನಿಗೆ ಮೇಳದ ತಿರುಗಾಟ ಇಲ್ಲ. ಆರು ತಿಂಗಳ ದುಡಿತದಲ್ಲಿ ಹನ್ನೆರಡು ತಿಂಗಳು ಮನೆ ನಡೆಯಬೇಕು. ಆ ಮಳೆಗಾಲದಲ್ಲಿ ಅವನು ಮುಂಬಯಿಗೆ ಬರುತ್ತಾನೆ. ಇಲ್ಲಿ ಗದ್ದೆ ಇಲ್ಲದಿದ್ದರೇನು, ಸಭಾಗೃಹಗಳಿವೆ. ಕುರ್ಲಾದ ಬಂಟರ ಸಂಘ, ಸಾಂತಾಕ್ರೂಸಿನ ಬಿಲ್ಲವ ಭವನ, ಮಾಟುಂಗಾದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್, ಮಾಹಿಮಿನ ಕಡೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹ, ಹೀಗೆ. ಊರಿನ ಕಲಾವಿದರನ್ನು ಕರೆಸಿ ನಗರ ಉಪನಗರಗಳಲ್ಲಿ ಸರಣಿ ಆಟ ಏರ್ಪಡಿಸುವ ಸಂಸ್ಥೆಗಳಿವೆ. ಅವುಗಳಲ್ಲೊಂದರ ಹೆಸರೇ ಅಜೆಕಾರು ಕಲಾಭಿಮಾನಿ ಬಳಗ. 'ಅಭಿಮಾನಿ' ಎಂಬ ಪದ ಹೆಸರಿನಲ್ಲೇ ಇದೆ ನೋಡಿ!

ಈ ಆಟಗಳ ಆಮಂತ್ರಣ ಪತ್ರಿಕೆಯನ್ನು ಎಲ್ಲರೂ ನೋಡಿರುತ್ತೀರಿ. ಮೇಲೆ ಪ್ರಸಂಗದ ಹೆಸರು. ಮಧ್ಯದಲ್ಲಿ ಕಲಾವಿದರು. ಕೆಳಗೆ ಪ್ರಾಯೋಜಕರು, ಅತಿಥಿಗಳು, ಗೌರವ ಉಪಸ್ಥಿತಿ. ಕಟ್ಟಕಡೆಗೆ 'ಪ್ರವೇಶ ಉಚಿತ, ಸರ್ವರಿಗೂ ಆದರದ ಸ್ವಾಗತ'. ಅಂದರೆ ಊರಿನ ಹರಕೆಯಾಟದ ಪದ್ಧತಿಯೇ ರೈಲು ಹತ್ತಿ ಇಲ್ಲಿಗೆ ಬಂದಿದೆ. ಒಬ್ಬರೋ ನಾಲ್ವರೋ ಕೊಡುತ್ತಾರೆ, ನಾನೂರು ಜನ ನೋಡುತ್ತಾರೆ. ಕೊಡುವವರು ಹೆಚ್ಚಾಗಿ ಹೋಟೆಲು ಉದ್ಯಮದವರು. ಹುಡುಗರಾಗಿ ಬಂದು ಗ್ಲಾಸು ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಮೇಲೆ ಬಂದವರು ಅವರಲ್ಲಿ ಎಷ್ಟೋ ಮಂದಿ. ಊರಿನ ಚೆಂಡೆಯ ಸದ್ದು ಅವರಿಗೆ ಎದೆಯೊಳಗಿನ ಸದ್ದು. ಅವರಿಗೆ ನಾವು ಋಣಿಗಳು, ಇದರಲ್ಲಿ ಎರಡು ಮಾತಿಲ್ಲ.

ಆದರೆ ಊರಿಗೂ ಮುಂಬಯಿಗೂ ಒಂದು ವ್ಯತ್ಯಾಸ ಇದೆ. ಊರಿನಲ್ಲಿ ಆಡಿಸುವವರ ಸರದಿ ಉದ್ದ ಇದೆ. ಇಲ್ಲಿ ಪ್ರತಿ ಸಲ ಅದೇ ನಾಲ್ಕು ಬಾಗಿಲು ಬಡಿಯಬೇಕು. ಹರಕೆ ಎಂಬ ಕಾರಣವೂ ಇಲ್ಲ, ಬರೇ ಅಭಿಮಾನ. ಆ ತಲೆಮಾರಿಗೆ ವಯಸ್ಸಾಗುತ್ತಿದೆ. ಅವರ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದಿದವರು. ಅವರಿಗೆ ಚೆಂಡೆ ಕೇಳಿದರೆ ತಂದೆಯ ನೆನಪು ಬಂದೀತು, ಚೆಕ್ ಪುಸ್ತಕ ನೆನಪಾಗುತ್ತದೆ ಅಂತ ಹೇಳುವ ಹಾಗಿಲ್ಲ. ಅವರೂ ಇಲ್ಲಾಂದ್ರೆ ಮಳೆಗಾಲದ ಆಟ ಯಾರದು? ಈ ಪ್ರಶ್ನೆ ಇರುವುದರಿಂದಲೇ ಅಭಿಮಾನಿಗಳ ದುಡ್ಡಿನ ವಿಚಾರ ನಮಗೆ ಬರೇ ಚರ್ಚಾಸ್ಪರ್ಧೆಯ ವಿಷಯ ಅಲ್ಲ.

3. ಎರಡು ರೂಪಾಯಿಯ ಸಿನೆಮಾ

ಸಣ್ಣ ಮೊತ್ತ ಕೂಡಿಸಿ ದೊಡ್ಡ ಕೆಲಸ ಮಾಡಬಹುದೇ ಎಂದು ಕೇಳುವವರಿಗೆ ಮುಂಬಯಿಯ ನಿರ್ದೇಶಕ ಶ್ಯಾಮ್ ಬೆನಗಲ್ ಅವರ 'ಮಂಥನ್' ಉತ್ತರ. 1976ರ ಈ ಸಿನೆಮಾಕ್ಕೆ ಗುಜರಾತಿನ ಹಾಲು ಸಹಕಾರಿ ಸಂಘಗಳ 5 ಲಕ್ಷ ರೈತರು ತಲೆಗೆ 2 ರೂಪಾಯಿ ಕೊಟ್ಟರು. ಒಟ್ಟು 10 ಲಕ್ಷ. ನಮ್ಮ ಗಿರೀಶ್ ಕಾರ್ನಾಡರು ಅದರಲ್ಲಿ ಡಾಕ್ಟರ್ ರಾವ್ ಆಗಿ ನಟಿಸಿದರು. ಬಿಡುಗಡೆಯಾದಾಗ ದುಡ್ಡು ಕೊಟ್ಟ ರೈತರೇ ಲಾರಿಗಳಲ್ಲಿ ಬಂದು ನೋಡಿದರು. ಪ್ರೊಡ್ಯೂಸರೂ ಅವರೇ, ಪ್ರೇಕ್ಷಕರೂ ಅವರೇ. 2024ರಲ್ಲಿ ಈ ಸಿನೆಮಾದ ಹೊಸದಾಗಿ ದುರಸ್ತಿ ಮಾಡಿದ ಪ್ರತಿಯನ್ನು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು.

ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಕಾಮರ್ಸಿನ ಪ್ರಶ್ನೆ ಒಂದಿದೆ: 5 ಲಕ್ಷ ಮನೆಗೆ ಹೋಗಿ 2 ರೂಪಾಯಿ ಎತ್ತುವುದಕ್ಕೆ ಎಷ್ಟು ಖರ್ಚಾದೀತು? ಖಂಡಿತ 2 ರೂಪಾಯಿಗಿಂತ ಹೆಚ್ಚು! ಎತ್ತುವ ಖರ್ಚೇ ಎತ್ತಿದ ಹಣವನ್ನು ತಿಂದುಹಾಕುತ್ತಿತ್ತು. ಇಲ್ಲಿ ಹಾಗಾಗಲಿಲ್ಲ, ಯಾಕೆಂದರೆ ಸಹಕಾರಿ ಸಂಘ ದಿನಾ ಹಾಲು ತೆಗೆದುಕೊಂಡು ದಿನಾ ದುಡ್ಡು ಕೊಡುತ್ತಿತ್ತು. ಆ ಲೆಕ್ಕದಲ್ಲೇ 2 ರೂಪಾಯಿ ಹಿಡಿದರೆ ಮುಗಿಯಿತು. ಹಣಕ್ಕಿಂತ ಮೊದಲು ಹಣ ಹರಿಯುವ ಕಾಲುವೆ ಇತ್ತು. ಇದನ್ನು ಮರೆತು 'ಜನ ಮನಸ್ಸು ಮಾಡಿದರೆ ಏನು ಬೇಕಾದರೂ ಆಗುತ್ತದೆ' ಎನ್ನುವುದು ಭಾಷಣಕ್ಕೆ ಸರಿ, ಲೆಕ್ಕಕ್ಕೆ ಸರಿಯಲ್ಲ.

ಕಾಲುವೆ ಇಲ್ಲದವರು ಏನು ಮಾಡಿದರು? ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ಗೆಳೆಯರು ಊರೂರು ತಿರುಗಿ, ಸಿನೆಮಾ ತೋರಿಸಿ, ಜನರಿಂದ ಕೈಚಾಚಿ ಬೇಡಿ 'ಅಮ್ಮ ಅರಿಯಾನ್' ತೆಗೆದರು. ಅದು 1986ರಲ್ಲಿ ಬಂತು. ಇಲ್ಲಿ ಮುಂಬಯಿಯಲ್ಲಿ ಅದಕ್ಕೂ ಮೊದಲು ಪೃಥ್ವಿರಾಜ್ ಕಪೂರ್ ಅವರು ಹೀಗೆ ಕೈಚಾಚಿದವರು. 1944ರಲ್ಲಿ ಶುರುವಾಗಿ 1960ರ ತನಕ ಊರೂರು ತಿರುಗಿದ ಅವರ ಪೃಥ್ವಿ ಥಿಯೇಟರ್ಸ್ ನಾಟಕ ಮುಗಿದ ಮೇಲೆ, ಅಷ್ಟು ದೊಡ್ಡ ನಟ ಬಾಗಿಲಲ್ಲಿ ತಲೆ ತಗ್ಗಿಸಿ ಜೋಳಿಗೆ ಹಿಡಿದು ನಿಲ್ಲುತ್ತಿದ್ದರು. ನಿರಾಶ್ರಿತರಿಗೆ, ಕಷ್ಟದಲ್ಲಿರುವವರಿಗೆ ಎಂದು ಆ ಹಣ. ಜೋಳಿಗೆಗೆ ಜನ ಹಾಕಿದರು. ಆದರೆ ಅದರಿಂದ ನಾಟಕದ ಕಂಪೆನಿಯ ದಿನವಹಿ ಖರ್ಚು ನೀಗುವುದು ಬೇರೆ ಮಾತು. ಜೋಳಿಗೆ ಕರುಣೆಗೆ ಒದಗುತ್ತದೆ, ಸಂಬಳಕ್ಕೆ ಒದಗುವುದಿಲ್ಲ.

ಈಗ ಎಲ್ಲರ ಕೈಯಲ್ಲೂ ಕಾಲುವೆ ಬಂದಿದೆ. 2016ರಲ್ಲಿ ಯು.ಪಿ.ಐ. ಬಂತು. ಭಾಜಿ ಮಾರುವವನಿಗೆ 10 ರೂಪಾಯಿ ಕಳಿಸುವಷ್ಟೇ ಸುಲಭವಾಗಿ ಭಾಗವತರಿಗೂ ಕಳಿಸಬಹುದು, ಎತ್ತುವ ಖರ್ಚು ಹೆಚ್ಚುಕಡಿಮೆ ಸೊನ್ನೆ. 2020ರಿಂದ ತಿಂಗಳು ತಿಂಗಳು ತಾನಾಗಿ ಹಣ ಹೋಗುವ ಏರ್ಪಾಡೂ ಅದರಲ್ಲಿ ಸೇರಿತು. ಅಂದಮೇಲೆ ಗುಜರಾತಿನ ರೈತರಿಗೆ 1976ರಲ್ಲಿ ಇದ್ದ ಅನುಕೂಲ ಇವತ್ತು ಡೊಂಬಿವಲಿಯ ನೌಕರನಿಗೂ ಇದೆ.

4. ಹೊಸ ಕಾಲದ ಆಡಿಸುವವರು

ಈ ಹೊಸ ಕಾಲುವೆಗಳನ್ನು ಮೊದಲು ಬಳಸಿಕೊಂಡವರಲ್ಲಿ ಮುಂಬಯಿಯ ನಿರ್ದೇಶಕ ಓನೀರ್ ಒಬ್ಬರು. ಅವರ 'ಐ ಆಮ್' 2011ರಲ್ಲಿ ತೆರೆಗೆ ಬಂತು. ಫೇಸ್‌ಬುಕ್ಕಿನಲ್ಲಿ ಕೇಳಿಕೊಂಡು 400ಕ್ಕೂ ಹೆಚ್ಚು ಜನರಿಂದ ಅದಕ್ಕೆ ಹಣ ಒದಗಿಸಿದರು. ಉತ್ತಮ ಹಿಂದಿ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡದಲ್ಲಿ ಪವನ್ ಕುಮಾರ್ ಅವರು 'ಲೂಸಿಯಾ' ತೆಗೆದರು. ನಿರ್ಮಾಪಕರು ಸಿಗದೆ ತಮ್ಮ ಕಷ್ಟವನ್ನು ಬ್ಲಾಗಿನಲ್ಲಿ ಬರೆದಾಗ, ಓದಿದವರೇ ದುಡ್ಡು ಕೊಡುತ್ತೇವೆ ಎಂದು ಮುಂದೆ ಬಂದರು. 27 ದಿನದಲ್ಲಿ ಸುಮಾರು 50 ಲಕ್ಷ, 110 ಜನರಿಂದ. 2013ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಅದಕ್ಕೆ ಮೊದಲೇ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆದಿತ್ತು.

ಆದರೆ ಗಮನಿಸಿ, ಇವೆಲ್ಲಾ ಒಂದೊಂದು ಸಿನೆಮಾ. ಒಮ್ಮೆ ಕೂಡಿಸಿದರು, ಒಮ್ಮೆ ಮುಗಿಸಿದರು. ಬಂಡವಾಳದ ಲೆಕ್ಕ. ನಡೆಯುತ್ತಿರುವ ಧಾರಾವಾಹಿಯನ್ನು ಹೀಗೆ ಉಳಿಸಬಹುದೇ?

ಅಮೆರಿಕದಲ್ಲಿ ಎರಡು ಉದಾಹರಣೆ ಇದೆ, ಎರಡೂ ಪಾಠ ಹೇಳುತ್ತವೆ. 2005ರಲ್ಲಿ 'ಸ್ಟಾರ್ ಟ್ರೆಕ್: ಎಂಟರ್‌ಪ್ರೈಸ್' ಎಂಬ ಟಿ.ವಿ. ಧಾರಾವಾಹಿಯನ್ನು ನಿಲ್ಲಿಸುವ ತೀರ್ಮಾನ ಆಯಿತು. ಅಭಿಮಾನಿಗಳು ಸುಮ್ಮನಿರಲಿಲ್ಲ. ಇನ್ನೊಂದು ವರ್ಷದ ಖರ್ಚು ನಾವೇ ಕೊಡುತ್ತೇವೆ ಎಂದು ಹಣ ಕೂಡಿಸಲು ಹೊರಟರು. ಪ್ಯಾರಾಮೌಂಟ್ ಸ್ಟುಡಿಯೋ ಬೇಡ ಎಂದಿತು. ಧಾರಾವಾಹಿ ನಿಂತೇ ಹೋಯಿತು. 2013ರಲ್ಲಿ 'ವೆರೋನಿಕಾ ಮಾರ್ಸ್' ಎಂಬ, ನಿಂತುಹೋಗಿದ್ದ ಇನ್ನೊಂದು ಧಾರಾವಾಹಿಯನ್ನು ಸಿನೆಮಾ ಆಗಿ ಮುಂದುವರಿಸುವುದಕ್ಕೆ ಅಭಿಮಾನಿಗಳಿಂದ 20 ಲಕ್ಷ ಡಾಲರ್ ಕೇಳಿದರು. 91 ಸಾವಿರಕ್ಕೂ ಮಿಕ್ಕಿ ಜನ 57 ಲಕ್ಷ ಡಾಲರ್ ಕೊಟ್ಟರು, ಸಿನೆಮಾ 2014ರಲ್ಲಿ ಬಂತು. ವ್ಯತ್ಯಾಸ ಎಲ್ಲಿ? ಎರಡನೆಯದರಲ್ಲಿ ಹಕ್ಕು ಇಟ್ಟುಕೊಂಡಿದ್ದ ವಾರ್ನರ್ ಬ್ರದರ್ಸ್ ಸ್ಟುಡಿಯೋ ಮೊದಲೇ ಒಪ್ಪಿತ್ತು.

ಅಂದರೆ ಅಭಿಮಾನಿಯ ಕಿಸೆಯಲ್ಲಿ ದುಡ್ಡು ಇದ್ದರೆ ಸಾಲದು. ಮಾರುವ ಹಕ್ಕು ಇರುವವನು ಮಾರಲು ಒಪ್ಪಬೇಕು. ಟಿ.ವಿ. ಧಾರಾವಾಹಿಯನ್ನು ನಾವು ಕೊಂಡುಕೊಳ್ಳುವುದೇ ಇಲ್ಲ. ನಿಜವಾಗಿ ನೋಡಿದರೆ ಚಾನೆಲ್‌ನವರು ನಮ್ಮ ಕಣ್ಣುಗಳನ್ನು ಸಾಬೂನು ಕಂಪೆನಿಗೆ ಮಾರುತ್ತಾರೆ. ನಾವು ಅಲ್ಲಿ ಗಿರಾಕಿಗಳಲ್ಲ, ಸರಕು. ಸರಕು ಎದ್ದುನಿಂತು 'ನಾನೇ ಬೆಲೆ ಕೊಡುತ್ತೇನೆ' ಅಂದರೆ ಅಂಗಡಿಯವನಿಗೆ ಅರ್ಥವೇ ಆಗುವುದಿಲ್ಲ. ಯಕ್ಷಗಾನದಲ್ಲಿ ಈ ತೊಂದರೆ ಇಲ್ಲ. ಮೇಳ ಮಾರುವುದೇ ರಾತ್ರಿಗಳನ್ನು, ಆಡಿಸುವವರಿಗೇ.

5. ದಾನವೋ, ಬೆಲೆಯೋ, ಪಾಲೋ

ಅಭಿಮಾನಿ ಕೊಡುವ ದುಡ್ಡಿಗೆ ಮೂರು ಹೆಸರು ಇಡಬಹುದು. ಹೆಸರು ಬದಲಾದರೆ ಕಾಯಿದೆಯೂ ಬದಲಾಗುತ್ತದೆ.

ದಾನ: ಕೊಟ್ಟವನಿಗೆ ವಾಪಸು ಏನೂ ಇಲ್ಲ. ನೋಂದಾಯಿತ ಸಂಸ್ಥೆಗೆ ತೆರಿಗೆ ಇಲಾಖೆಯ ಮಾನ್ಯತೆ ಇದ್ದರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗಬಹುದು, ಅದೂ 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಇಲ್ಲ. ದಾನದ ಗುಣ ಔದಾರ್ಯ. ದೋಷ ಅಂದರೆ ದಾನಿಯ ಮನಸ್ಸು ಬದಲಾದ ದಿನ ಆಟ ನಿಲ್ಲುತ್ತದೆ.

ಬೆಲೆ: ಟಿಕೇಟು, ಮುಂಗಡ ಚಂದಾ, ಒಂದು ರಾತ್ರಿಯ ಖರ್ಚು, ಇವೆಲ್ಲಾ ಬೆಲೆ. ಕೊಟ್ಟವನಿಗೆ ಆಟ ಸಿಗಬೇಕು. ಸಿಗದಿದ್ದರೆ ದುಡ್ಡು ವಾಪಸು. ಇದರಲ್ಲಿ ಗೊಂದಲ ಕಡಿಮೆ.

ಪಾಲು: 'ನೀವು 5,000 ಹಾಕಿ, ಲಾಭ ಬಂದರೆ ನಿಮಗೂ ಪಾಲು' ಎಂದರೆ ಅದು ಹೂಡಿಕೆ. ಕೇಳಲು ಬಹಳ ಚಂದ. ಆದರೆ 2013ರ ಕಂಪೆನಿ ಕಾಯಿದೆಯ 42ನೇ ಕಲಮಿನ ಪ್ರಕಾರ ಒಂದು ಖಾಸಗಿ ಕಂಪೆನಿ ಒಂದು ಆರ್ಥಿಕ ವರ್ಷದಲ್ಲಿ 200ಕ್ಕಿಂತ ಹೆಚ್ಚು ಜನರಿಗೆ ಷೇರು ನೀಡಲು ಮುಂದಾಗುವ ಹಾಗಿಲ್ಲ. ಮೀರಿದರೆ ಅದು ಸಾರ್ವಜನಿಕ ಷೇರು ಮಾರಾಟ ಎಂದಾಗಿ ಸೆಬಿಯ ನಿಯಮಗಳೆಲ್ಲಾ ಮೈಮೇಲೆ ಬರುತ್ತವೆ. ಸೆಬಿ 2014ರ ಜೂನಿನಲ್ಲಿ ಜನರಿಂದ ಸಣ್ಣ ಸಣ್ಣ ಹೂಡಿಕೆ ಎತ್ತುವ ಕುರಿತು ಒಂದು ಚರ್ಚಾಪತ್ರ ಹೊರಡಿಸಿತ್ತು, ಅದು ನಿಯಮವಾಗಿ ಬರಲಿಲ್ಲ. ಕಾಯಿದೆ ಯಾಕೆ ಇಷ್ಟು ಬಿಗಿ ಎಂದು ಸಿಟ್ಟಾಗಬಾರದು. ಸಹಾರಾ ಕಂಪೆನಿಗಳು ಕೋಟಿಗಟ್ಟಲೆ ಸಣ್ಣ ಜನರಿಂದ ಎತ್ತಿದ ಹಣವನ್ನು ವಾಪಸು ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2012ರಲ್ಲಿ. ಕಲೆಯ ಹೆಸರಿನಲ್ಲೂ ಟೋಪಿ ಹಾಕುವವರು ಇರಬಹುದು. ಅಭಿಮಾನಿ ಅಂದರೆ ಮೊದಲೇ ಮೆತ್ತಗಿನ ಮನುಷ್ಯ.

ಲಾಭ ಇಲ್ಲದ ಕಡೆ ಲಾಭದ ಆಸೆ ತೋರಿಸುವುದು ತಪ್ಪು ಕೂಡ. ಮಳೆಗಾಲದ ಆಟದಲ್ಲಿ ಪಾಲು ಹಂಚುವಷ್ಟು ಲಾಭ ಎಲ್ಲಿ ಬಂತು? ಆದುದರಿಂದ ಪಾಲು ನಮಗೆ ಬೇಡ. ಉಳಿದದ್ದು ದಾನ ಮತ್ತು ಬೆಲೆ. ನಾವು ಈ ತನಕ ದಾನದ ಮೇಲೆ ನಿಂತಿದ್ದೇವೆ. ಬೆಲೆಯ ಕಡೆಗೆ ಒಂದು ಹೆಜ್ಜೆ ಇಡಬೇಕು ಎಂಬುದು ಈ ಲೇಖನದ ವಾದ.

6. ಯಾರ ಮಾತು ನಡೆಯಬೇಕು?

ದುಡ್ಡು ಕೊಟ್ಟವನು ಮಾತಾಡುತ್ತಾನೆ. ಇದು ಲೋಕರೂಢಿ. ಮುಂಬಯಿಯ ಗುಜರಾತಿ ರಂಗಭೂಮಿಯನ್ನು ನೋಡಿ. ಅಲ್ಲಿ ಜಾತಿ ಮಂಡಳಿಗಳು, ಸೋಶಿಯಲ್ ಗ್ರೂಪುಗಳು ಇಡೀ ಪ್ರಯೋಗವನ್ನೇ ಮೊದಲೇ ಕೊಂಡುಬಿಡುತ್ತವೆ. ನಿರ್ಮಾಪಕನಿಗೆ ನೆಮ್ಮದಿ, ನಾಟಕ ತೆರೆ ಏಳುವ ಮೊದಲೇ ಖರ್ಚು ಹುಟ್ಟಿರುತ್ತದೆ. ಆ ಏರ್ಪಾಡಿನಿಂದಲೇ ಗುಜರಾತಿ ನಾಟಕ ಈ ನಗರದಲ್ಲಿ ಗಟ್ಟಿಯಾಗಿ ನಿಂತಿದೆ. ಆದರೆ ಕುಟುಂಬ ಸಮೇತ ಬರುವ ಗ್ರೂಪಿಗೆ ಇಷ್ಟವಾಗುವ ನಗೆನಾಟಕಕ್ಕೇ ಬೇಡಿಕೆ ಹೆಚ್ಚು, ಬೇರೆ ಥರದ ನಾಟಕ ಮಾಡುವವರಿಗೆ ಕಷ್ಟ ಎಂಬ ಮಾತನ್ನು ಆ ರಂಗಭೂಮಿಯವರೇ ಆಡುತ್ತಾರೆ. ಮರಾಠಿಯವರು ಬಾಗಿಲಲ್ಲಿ ಟಿಕೇಟು ಕೊಂಡು ನಾಟಕ ನೋಡುವ ಅಭ್ಯಾಸವನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಒಂದೇ ನಗರ, ಎರಡು ಪದ್ಧತಿ.

ನಮ್ಮಲ್ಲಿ ಕೊಟ್ಟವರ ಮಾತು ಬೇರೆ ರೂಪದಲ್ಲಿ ಬರುತ್ತದೆ. ಆಟದ ನಡುವೆ ಸಭಾ ಕಾರ್ಯಕ್ರಮ! ರಾವಣ ಪ್ರವೇಶ ಆಗಿ, ಚೆಂಡೆ ಏರಿ, ಜನ ಕುರ್ಚಿಯ ತುದಿಗೆ ಬಂದಿರುವಾಗ ಪರದೆ ಎಳೆದು ಎಂಟು ಕುರ್ಚಿ ಇಡುತ್ತಾರೆ. ಸ್ವಾಗತ, ಪ್ರಸ್ತಾವನೆ, ಶಾಲು, ಹಣ್ಣುಬುಟ್ಟಿ, ಎಲ್ಲರದೂ ಎರಡು ಮಾತು. ಮುಗಿಯುವಾಗ ಒಂದು ಗಂಟೆ. ಕೊನೆಯ ಲೋಕಲ್ ತಪ್ಪೀತೆಂದು ವಿರಾರ್ ಕಡೆಯವರು ಎದ್ದು ಹೊರಟಿರುತ್ತಾರೆ. ರಾಮ ರಾವಣರ ಯುದ್ಧಕ್ಕೆ ಉಳಿದದ್ದು ಇಪ್ಪತ್ತು ನಿಮಿಷ. ದಾನಿಗಳನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಎಷ್ಟೋ ದಾನಿಗಳಿಗೆ ಸ್ವತಃ ಈ ಶಾಲು ಬೇಡ. ಆದರೆ ಸಂಘಟಕನಿಗೆ ಬೇರೆ ದಾರಿ ಇಲ್ಲ. ಲಾಭ ಕೊಡಲಾರ, ಟಿಕೇಟಿನ ಹಣ ತೋರಿಸಲಾರ, ಕೊಡಲು ಅವನಲ್ಲಿ ಇರುವುದು ಮರ್ಯಾದೆ ಒಂದೇ. ಅದನ್ನು ಆಟದ ಸಮಯದಿಂದ ಕತ್ತರಿಸಿ ಕೊಡುತ್ತಾನೆ.

ಪುಕ್ಕಟೆ ನೋಡುವವನಿಗೆ ಇದರ ವಿರುದ್ಧ ಮಾತಾಡುವ ಬಾಯಿ ಇಲ್ಲ. ಅವನು ಏನೂ ಕೊಟ್ಟಿಲ್ಲವಲ್ಲ. ನಾನೂರು ಜನ ಸೇರಿ ಆಟ ಆಡಿಸಿದರೆ ಆಗ ನಾನೂರು ಜನರಿಗೂ ಶಾಲು ಹೊದಿಸುವುದು ಅಸಾಧ್ಯ! ಆ ಒಂದು ಗಂಟೆ ಆಟಕ್ಕೇ ಉಳಿಯುತ್ತದೆ.

7. ಒಂದು ಲೆಕ್ಕ

ಊಹೆಯ ಲೆಕ್ಕ ಇದು, ಯಾವ ಸಂಘದ ಲೆಕ್ಕವೂ ಅಲ್ಲ. ಒಂದು ಆಟಕ್ಕೆ ಸಭಾಗೃಹ, ಪ್ರಯಾಣ, ಊಟ, ವೇಷಭೂಷಣ, ಸಂಭಾವನೆ ಎಲ್ಲಾ ಸೇರಿ 60,000 ರೂಪಾಯಿ ಎಂದು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮೂರು ಆಟಕ್ಕೆ 1,80,000. ಒಬ್ಬ ದಾನಿ ಇದನ್ನು ಕೊಡಬಹುದು. ಅವರು ಒಂದು ವರ್ಷ ಇಲ್ಲ ಎಂದರೆ ಕೊರತೆ 1,80,000, ಆಟ ಸೊನ್ನೆ.

ಈಗ 200 ಜನ ಅಭಿಮಾನಿಗಳು ತಿಂಗಳಿಗೆ 100 ರೂಪಾಯಿಯಂತೆ 10 ತಿಂಗಳು ಕೊಡಲಿ. 200 ಗುಣಿಸು 100 ಗುಣಿಸು 10, ಒಟ್ಟು 2,00,000. ಮೂರು ಆಟ ಆಗಿ 20,000 ಉಳಿಯುತ್ತದೆ. 200ರಲ್ಲಿ 30 ಜನ ಕೈಬಿಟ್ಟರು ಎನ್ನಿ. ಬರುವುದು 1,70,000. ಕೊರತೆ ಬರೇ 10,000, ಹಿಂದಿನ ವರ್ಷದ ಉಳಿತಾಯದಿಂದ ತುಂಬಿಸಬಹುದು. ಇದು ನಮ್ಮ ಪುಸ್ತಕದಲ್ಲಿ ಓದುವ ಅಪಾಯ ಹಂಚಿಕೆಯ ತತ್ತ್ವ. ಇನ್ಶೂರನ್ಸ್ ಅಧ್ಯಾಯದಲ್ಲಿ ಬರುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುತ್ತೇವೆ.

ತಿಂಗಳಿಗೆ 100 ಎಂದರೆ ಎರಡು ಮೂರು ವಡಾಪಾವ್, ಒಂದು ಚಹಾದ ದುಡ್ಡು. ಚಾಳಿನಲ್ಲಿ ಬೆಳೆದವರಿಗೆ ಭಿಶಿ ಹೊಸತಲ್ಲ, ತಿಂಗಳು ತಿಂಗಳು ತಪ್ಪದೆ ಕೊಡುವ ಅಭ್ಯಾಸ ನಮ್ಮ ತಾಯಂದಿರಿಗೆ ಚೆನ್ನಾಗಿಯೇ ಇದೆ. ಆ ಶಿಸ್ತನ್ನು ಆಟಕ್ಕೂ ತರಬೇಕು.

ಇದಕ್ಕೆ ಐದು ನಿಯಮ ಸೂಚಿಸುತ್ತೇನೆ.

ಒಂದು, ಹಣ ನೋಂದಾಯಿತ ಸಂಸ್ಥೆಯ ಖಾತೆಗೇ ಹೋಗಲಿ, ಯಾರೊಬ್ಬರ ಸ್ವಂತ ಖಾತೆಗೆ ಬೇಡ.

ಎರಡು, ಎಷ್ಟು ಆಟ, ಯಾವ ತಿಂಗಳು ಎಂದು ಮೊದಲೇ ಹೇಳಬೇಕು. 'ಕಲೆಯ ಉಳಿವಿಗಾಗಿ' ಎಂಬ ಕೊನೆ ಇಲ್ಲದ ಬೇಡಿಕೆ ಬೇಡ. ಹರಕೆ ಮೇಳದ ಹಾಗೆ ತುಂಡು ತುಂಡಾಗಿ ಮಾರಬೇಕು.

ಮೂರು, ಹಣ ಸಾಲದೆ ಆಟ ಆಗದಿದ್ದರೆ ವಾಪಸು ಕೊಡಬೇಕು.

ನಾಲ್ಕು, ಆಟ ಆದ ತಿಂಗಳೊಳಗೆ ಜಮಾಖರ್ಚು ಎಲ್ಲರಿಗೂ ಕಳಿಸಬೇಕು. ಅದರಲ್ಲಿ ಕಲಾವಿದರಿಗೆ ಕೊಟ್ಟದ್ದು ಎಷ್ಟು ಎಂಬ ಸಾಲು ಮೊದಲು ಬರಬೇಕು.

ಐದು, ಪ್ರಸಂಗದ ಆಯ್ಕೆ, ಪಾತ್ರ ಹಂಚಿಕೆ ಭಾಗವತರದು. ನಾವು 100 ರೂಪಾಯಿಗೆ ಆಟವನ್ನು ಕೊಂಡಿದ್ದೇವೆ, ಭಾಗವತರನ್ನು ಕೊಂಡಿಲ್ಲ.

ಐದನೆಯದನ್ನು ಪಾಲಿಸುವುದೇ ಕಷ್ಟ. ಒಬ್ಬ ದಾನಿಯ ಮಾತನ್ನು ನಯವಾಗಿ ತಪ್ಪಿಸಬಹುದು. 200 ಜನ ವಾಟ್ಸಾಪಿನಲ್ಲಿ 200 ಸಲಹೆ ಕೊಡಲು ಶುರುಮಾಡಿದರೆ ಭಾಗವತರು ಜಾಗಟೆ ಕೆಳಗಿಟ್ಟು ಊರಿಗೆ ಹೊರಡುತ್ತಾರೆ.

8. ಇನ್ನೊಂದು ಮಾತು

ಈ ಪದ್ಧತಿಗೆ ಒಂದು ಗಟ್ಟಿ ಆಕ್ಷೇಪ ಇದೆ. ಬೆಲೆ ಇಟ್ಟರೆ ಬಡವರು ಹೊರಗೆ ಉಳಿಯುವುದಿಲ್ಲವೇ? ಹೋಟೆಲಿನಲ್ಲಿ ದುಡಿಯುವ ಹುಡುಗ ರಾತ್ರಿ ಕೆಲಸ ಮುಗಿಸಿ ಬಂದು ಹಿಂದೆ ನಿಂತು ನೋಡುತ್ತಾನೆ. ಅವನನ್ನು ಬಾಗಿಲಲ್ಲಿ ತಡೆಯುವುದೇ? ಬಯಲಾಟದ ದೊಡ್ಡತನ ಇದ್ದದ್ದೇ ಯಾರನ್ನೂ ತಡೆಯದಿರುವುದರಲ್ಲಿ.

ಈ ಆಕ್ಷೇಪ ಸರಿ, ಇದಕ್ಕೆ ಉತ್ತರವೂ ಹರಕೆಯಾಟದಲ್ಲೇ ಇದೆ. ಅಲ್ಲಿ ದುಡ್ಡು ಕೊಟ್ಟವನು ತನಗೊಬ್ಬನಿಗೇ ಆಟ ಇಟ್ಟುಕೊಳ್ಳುವುದಿಲ್ಲ, ಊರಿಗೆಲ್ಲಾ ಆಡಿಸುತ್ತಾನೆ. ನಮ್ಮ 200 ಜನರೂ ಹಾಗೇ ಮಾಡಬಹುದು. ಬಾಗಿಲು ತೆರೆದೇ ಇರಲಿ. ಆಗ 100 ರೂಪಾಯಿ ಕೊಟ್ಟವನು ಟಿಕೇಟು ಕೊಂಡವನಲ್ಲ, ಆಟದ ಇನ್ನೂರರಲ್ಲಿ ಒಂದು ಪಾಲು ಆಡಿಸಿದವನು. ಹಾಗಾದರೆ ಕೊಡದೆ ನೋಡುವವರು ಹೆಚ್ಚಾಗುವುದಿಲ್ಲವೇ? ಆಗಬಹುದು. ಆದರೆ ಊರಿನಲ್ಲಿ ಇವತ್ತು ಪುಕ್ಕಟೆ ನೋಡಿದವನು ನಾಳೆ ತನ್ನ ಅಂಗಳದಲ್ಲಿ ಆಡಿಸುವುದನ್ನು ಕಂಡಿದ್ದೇವೆ. ಹಿಂದೆ ನಿಂತು ನೋಡಿದ ಹೋಟೆಲು ಹುಡುಗರೇ ಮುಂದೆ ಮುಂಬಯಿಯಲ್ಲಿ ಆಡಿಸುವವರಾದದ್ದು ನಮ್ಮ ಕಣ್ಣೆದುರಿಗೇ ಇದೆ.

ಆದ್ದರಿಂದ ಮೂಲ ಪ್ರಶ್ನೆಗೆ ಉತ್ತರ ಹೀಗೆ. ಅಭಿಮಾನಿಗಳು ನಡೆಯುತ್ತಿರುವ ಆಟವನ್ನು ನೇರವಾಗಿ ನಡೆಸಬಹುದು. ಮಾರುವ ಹಕ್ಕು ಆಡುವವರ ಕೈಯಲ್ಲಿ ಇರಬೇಕು. ಆಟವನ್ನು ಮುಗಿಯುವ ತುಂಡುಗಳಾಗಿ ಬೆಲೆ ಕಟ್ಟಬೇಕು. ಹಣ ಮೊದಲೇ, ಹಲವರಿಂದ, ಕಡಿಮೆ ಖರ್ಚಿನಲ್ಲಿ ಬರಬೇಕು. ಲಾಭದ ಆಸೆ ತೋರಿಸಬಾರದು. ಇಷ್ಟಿದ್ದರೆ ನಡೆಯುತ್ತದೆ, ಇದರಲ್ಲಿ ಒಂದು ತಪ್ಪಿದರೂ ಕುಂಟುತ್ತದೆ.

ನಮ್ಮ ಕಾಲೇಜಿನ ಕನ್ನಡ ಬಳಗದ ಸದಸ್ಯರು ಎಷ್ಟೇ ಕಡಿಮೆ ಇರಲಿ, ಬರುವ ಆಷಾಢದ ಮೊದಲು ಒಬ್ಬೊಬ್ಬರು ಹತ್ತು ಹತ್ತು ಮಂದಿಯನ್ನು ಹಿಡಿದರೆ 200 ಆಗುವುದು ದೊಡ್ಡ ಮಾತಲ್ಲ. ಒಂದೇ ಒಂದು ಆಟದಿಂದ ಶುರುಮಾಡೋಣ. ಒಪ್ಪುವವರು ಬಳಗದ ಮುಂದಿನ ಸಭೆಗೆ ಬರುವಾಗ ಹತ್ತು ಹೆಸರು ಬರೆದ ಚೀಟಿ ತರಬೇಕೆಂದು ವಿನಂತಿ. ಒಪ್ಪದವರೂ ಬರಲಿ, ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ತೋರಿಸಲಿ.